ಪಶ್ಚಿಮಕ್ಕೆ ಸಮುದ್ರದ ತನಕ

ದ್ರಾಕ್ಷಿ ಬೆಳೆಯುವವರ ಮನೆಯಲ್ಲಿ ಬೇಸಿಗೆ ರಜೆ ಎಂದರೆ ವರ್ಷಕ್ಕೆ ಎಂಟು ದಿನ. ಮಕ್ಕಳ ಶಾಲೆಗೆ ಎಷ್ಟು ದಿನ ರಜೆ ಇದ್ದರೇನು, ಮನೆಯ ರಜೆ ಅಷ್ಟೇ. ಹಣ್ಣು ಇಳಿಯಬೇಕು, ಶೆಡ್ಡಿನಲ್ಲಿ ಒಣಗಬೇಕು, ಒಣಗಿ ಬೇದಾಣೆಯಾಗಿ ಸಾಂಗಲಿಯ ಕೋಲ್ಡ್ ಸ್ಟೋರೇಜ್ ಸೇರಬೇಕು. ಒಣದ್ರಾಕ್ಷಿಗೆ ನಮ್ಮ ಕಡೆ ಬೇದಾಣೆ ಅನ್ನುವುದೇ ರೂಢಿ. ಅದಾದ ಮೇಲೆ ಎಪ್ರಿಲ್ ಛಾಟಣಿ, ಅಂದರೆ ಬಳ್ಳಿಯ ಹಳೆಯ ಕಡ್ಡಿಯನ್ನೆಲ್ಲ ಕತ್ತರಿಸಿ ತೋಟವನ್ನು ಬೋಳು ಮಾಡುವ ಕೆಲಸ. ಕತ್ತರಿಸಿದ ಜಾಗದಲ್ಲಿ ಹೊಸ ಚಿಗುರು ಕಣ್ಣು ಬಿಡುವ ತನಕ ತೋಟಕ್ಕೆ ನೀರು ಬಿಡುವ ಆಳು ಒಬ್ಬನಿದ್ದರೆ ಸಾಕು. ಆ ಎಂಟು ದಿನಗಳಲ್ಲಿ ಹೋದರೆ ಹೋದೆವು. ಚಿಗುರು ಬಂತೆಂದರೆ ನಮ್ಮವರನ್ನು ಬಳ್ಳಿಯ ಬುಡದಿಂದ ಎಬ್ಬಿಸುವುದು ಯಾರಿಂದಲೂ ಆಗದ ಮಾತು.

ಎಂಟು ದಿನದ ರಜೆಗೆ ಎಲ್ಲಿ ಹೋಗಬೇಕೆಂದು ನಾವು ಒಂದು ತಿಂಗಳು ಜಗಳಾಡುತ್ತೇವೆ. ಬಹಳ ವರ್ಷ ಜಗಳ ಮುಗಿಯುವಷ್ಟರಲ್ಲಿ ಚಿಗುರು ಬಂದುಬಿಟ್ಟಿರುತ್ತಿತ್ತು. ಹೀಗಾಗಿ ಮದುವೆಯಾಗಿ ಹದಿನೆಂಟು ವರ್ಷದಲ್ಲಿ ನಾನು ನೋಡಿದ ಊರುಗಳು ನಾಲ್ಕೇ ನಾಲ್ಕು.

ಮನೆಯಲ್ಲಿ ನಾವು ಐದು ಜನ. ನಾನು, ನಮ್ಮವರು, ಇಬ್ಬರು ಹೆಣ್ಣುಮಕ್ಕಳು, ನಮ್ಮ ಅತ್ತೆ. ಮಾವ ನಾನು ಈ ಮನೆಗೆ ಬರುವ ಮೊದಲೇ ತೀರಿಹೋಗಿದ್ದರು. ನನ್ನ ತವರು ನಿಪ್ಪಾಣಿ, ಗಂಡನ ಮನೆ ಶೇಡಬಾಳ. ಎರಡೂ ಜೈನರ ಮನೆಗಳೇ, ಆದರೆ ನಮ್ಮಪ್ಪ ಪೇಟೆಯಲ್ಲಿದ್ದವರು, ಪರ್ಯೂಷಣ ಹಬ್ಬದ ಹತ್ತು ದಿನ ಬಿಟ್ಟರೆ ನಮ್ಮಲ್ಲಿ ಬಟಾಟಿ, ಉಳ್ಳಾಗಡ್ಡಿ ಎಲ್ಲ ನಡೆಯುತ್ತಿತ್ತು. ಅತ್ತೆಯ ಅಡುಗೆಮನೆಯಲ್ಲಿ ಆಲೂಗಡ್ಡೆ, ಈರುಳ್ಳಿ ಎಂದು ಮಣ್ಣಿನೊಳಗೆ ಬೆಳೆದದ್ದು ಯಾವುದೂ ಹೊಸ್ತಿಲು ದಾಟುವಂತಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿಯೇ ಕುಡಿಯುವುದು. ಸೂರ್ಯ ಮುಳುಗುವುದರೊಳಗೆ ಊಟ ಮುಗಿಯಬೇಕು. ಮೊಮ್ಮಕ್ಕಳಿಗೆ, ಮಗನಿಗೆ ಸ್ವಲ್ಪ ಸಡಿಲ ಬಿಡುತ್ತಾರೆ. ತಮಗೆ ತಾವು ಎಳ್ಳಷ್ಟೂ ಬಿಟ್ಟುಕೊಳ್ಳುವುದಿಲ್ಲ.

ನನ್ನ ಸಿಟ್ಟಿನ ಬಗ್ಗೆ ಮೊದಲೇ ಹೇಳಿಬಿಡಬೇಕು. ಅದು ಹಾಲಿನಂತೆ ಉಕ್ಕಿ ಇಳಿಯುವ ಸಿಟ್ಟಲ್ಲ. ಉಪ್ಪಿನಕಾಯಿಯ ಹಾಗೆ ಭರಣಿಯಲ್ಲಿ ಕೂತು ವರ್ಷಗಟ್ಟಲೆ ಬಾಳುತ್ತದೆ.

ಮದುವೆಯಾದ ವರ್ಷ ಊಟಿಗೆ ಹೋಗುವುದೆಂದು ನಿರ್ಧಾರವಾಯಿತು. ಅತ್ತೆಯನ್ನೂ ಕರೆದುಕೊಂಡು ಹೋಗೋಣವೆಂದು ಹಟ ಹಿಡಿದವಳು ನಾನೇ. ಹೊಸ ಸೊಸೆಯ ಹುರುಪು. ಅವರೂ ಒಪ್ಪಿ ಚೀಲಕ್ಕೆ ಸೀರೆ ತುಂಬಿಕೊಂಡಿದ್ದರು. ಹೊರಡುವ ಹಿಂದಿನ ದಿನ ಅವರು ನನ್ನ ಚೀಲವನ್ನು ಸರಿಸಿಡಲು ಹೋದಾಗ ಅದರ ಬಾಯಿ ತೆರೆದು, ನಾನು ನಿಪ್ಪಾಣಿಯಿಂದ ಬರುವಾಗ ತಂದಿಟ್ಟುಕೊಂಡಿದ್ದ ಎರಡು ಬಟಾಟಿ ಚಿಪ್ಸ್ ಪಾಕೀಟು ಅವರ ಕಾಲ ಮೇಲೆ ಬಿದ್ದವು. ಅವರು ಏನೂ ಅನ್ನದೆ ಎತ್ತಿ ಚೀಲದೊಳಗೆ ಇಟ್ಟರು. ಸ್ವಲ್ಪ ಹೊತ್ತಿಗೆ ಹೊರಗೆ ಮಗನ ಬಳಿ, "ಊಟಿ ಎಲ್ಲಿ ಬರ್ತೈತಿ?" ಎಂದು ಕೇಳುತ್ತಿದ್ದದ್ದು ಕೇಳಿಸಿತು. ಸಂಜೆ ತಮ್ಮ ಸೀರೆಗಳನ್ನು ತೆಗೆದು ಮತ್ತೆ ಟ್ರಂಕಿನಲ್ಲಿ ಇಟ್ಟುಬಿಟ್ಟರು.

"ನೀವ ಹೋಗಿ ಬರ್ರಿ. ಮನಿ ಕಾಯಾಕ ಒಬ್ಬರು ಬೇಕಲ್ಲ," ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಆ ಎರಡು ಪಾಕೀಟನ್ನೇ ಮನಸ್ಸಿನಲ್ಲಿಟ್ಟುಕೊಂಡೆ. ಬಟಾಟಿ ತಿನ್ನುವ ಸೊಸೆಯ ಜೊತೆ ಒಂದೇ ಬಸ್ಸಿನಲ್ಲಿ ಕೂರಲು ಅವರಿಗೆ ಮನಸ್ಸಿಲ್ಲ ಎಂದು ತೀರ್ಮಾನಿಸಿದೆ. ಅವತ್ತಿನಿಂದ ನಾನು ಬಟಾಟಿ ಮುಟ್ಟಿಲ್ಲ. ಊರಿನ ಹೆಂಗಸರು ಎಂಥ ಧರ್ಮವಂತ ಸೊಸೆ ಎಂದು ಹೊಗಳಿದರು. ಅದು ಧರ್ಮವಾಗಿರಲಿಲ್ಲ, ಶುದ್ಧ ಹಟ.

ದೊಡ್ಡ ಮಗಳಿಗೆ ಮೂರು ವರ್ಷವಾದಾಗ ಹೈದರಾಬಾದಿಗೆ ಹೊರಟೆವು. ಕರೆದೆ. "ನೀವ ಹೋಗಿ ಬರ್ರಿ," ಎಂದರು. ಅವಳಿಗೆ ಆರಾದಾಗ ಮುಂಬೈಗೆ ಹೊರಟೆವು. ಮತ್ತೆ ಕರೆದೆ. ಮತ್ತೆ ಅದೇ ಮಾತು. ಅದೇ ವರ್ಷ ದೀಪಾವಳಿ ಕಳೆದ ಮೇಲೆ ಬಸದಿಯ ಹೆಂಗಸರೆಲ್ಲ ಸೇರಿ ಬಸ್ಸು ಮಾಡಿಕೊಂಡು ಶ್ರವಣಬೆಳಗೊಳಕ್ಕೆ ಹೊರಟರು. ಅತ್ತೆ ಮುಂಚೂಣಿಯಲ್ಲಿ. ಬೆಟ್ಟದ ಮೆಟ್ಟಿಲನ್ನೆಲ್ಲ ಹತ್ತಿ ಇಳಿದು ಬಂದರು, ಕಾಲುನೋವೆಂದು ಒಂದು ದಿನವೂ ಮಲಗಲಿಲ್ಲ. ಓಣಿಯ ಹೆಂಗಸರ ಜೊತೆ ಹೋಗಬಹುದು, ನನ್ನ ಜೊತೆ ಮಾತ್ರ ಆಗದು. ನನ್ನ ಭರಣಿಯ ಮುಚ್ಚಳ ಅವತ್ತು ಗಟ್ಟಿಯಾಗಿ ಕೂತಿತು.

ಏಳು ವರ್ಷದ ಹಿಂದೆ ಗೋವಾಕ್ಕೆ ಹೋದಾಗ ನಾನು ಅವರನ್ನು ಕರೆಯಲಿಲ್ಲ. ಮೂರು ಸಲ ಬೇಡವೆಂದವರನ್ನು ನಾಲ್ಕನೆಯ ಸಲ ಕರೆಯಲು ನಾನೇನು ಕಲ್ಲೇ? ನಮ್ಮವರು ಒಮ್ಮೆ ನನ್ನ ಮುಖ ನೋಡಿದರು, ನಾನು ತಿರುಗಿಸಿಕೊಂಡೆ. ಹೆಂಡತಿ ಮತ್ತು ತಾಯಿಯ ನಡುವೆ ಸುಮ್ಮನಿರುವ ವಿದ್ಯೆ ನಮ್ಮವರಿಗೆ ಚೆನ್ನಾಗಿ ಬರುತ್ತದೆ.

ಇಷ್ಟೆಲ್ಲ ಇಟ್ಟುಕೊಂಡೂ ನಾವು ಅತ್ತೆ ಸೊಸೆ ಚೆನ್ನಾಗಿಯೇ ಇದ್ದೆವು ಎಂದರೆ ನಂಬುತ್ತೀರೋ ಇಲ್ಲವೋ. ಒಟ್ಟಿಗೆ ಶ್ಯಾವಿಗೆ ಹೊಸೆದೆವು. ನನ್ನ ಎರಡೂ ಬಾಣಂತನ ಅವರೇ ಮಾಡಿದರು. ನನಗೆ ಜ್ವರ ಬಂದರೆ ರಾತ್ರಿ ಎದ್ದು ಹಣೆ ಮುಟ್ಟಿ ನೋಡುತ್ತಿದ್ದರು. ಹೊಸ್ತಿಲೊಳಗೆ ಯಾವ ತಕರಾರೂ ಇರಲಿಲ್ಲ. ಪ್ರಯಾಣದ ಮಾತು ಬಂದಾಗ ಮಾತ್ರ ನಮ್ಮ ನಡುವೆ ಒಂದು ಬಾಗಿಲು ಮುಚ್ಚುತ್ತಿತ್ತು. ಅದು ಯಾಕೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಈ ಮನೆಯಲ್ಲಿ ನಾನು ಬೇಕಾದವಳೋ ಕೆಲಸಕ್ಕೆ ಬಂದವಳೋ ಎಂಬ ಪ್ರಶ್ನೆ ಮಾತ್ರ ಪ್ರತಿ ಬೇಸಿಗೆಗೆ ಎದ್ದು ಕೂರುತ್ತಿತ್ತು.

ಹೋದ ವರ್ಷ ದೊಡ್ಡವಳ ಹತ್ತನೆಯ ತರಗತಿಯ ಪರೀಕ್ಷೆ ಮುಗಿಯಿತು. ವರ್ಷವಿಡೀ ಓದಿದ ಹುಡುಗಿ, ಈ ಸಲ ಹೋಗಲೇಬೇಕೆಂದು ಕೂತಳು. ಅವಳಿಗೆ ಮನಾಲಿ ಬೇಕು, ಬೆಟ್ಟ ಬೇಕು, ಮಂಜು ಬೇಕು. ಚಿಕ್ಕವಳಿಗೆ ಒಂಬತ್ತು ವರ್ಷ. ಅವಳಿಗೆ ಸಮುದ್ರ ಬೇಕು. ಗೋವಾಕ್ಕೆ ಹೋದಾಗ ಅವಳು ಕಂಕುಳಿನ ಕೂಸು, ಅಕ್ಕ ಸಮುದ್ರದ ಬಗ್ಗೆ ಜಂಬ ಕೊಚ್ಚಿದಾಗಲೆಲ್ಲ ಅಳುತ್ತಿದ್ದಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಅದು ಅಕ್ಷರಶಃ ನಡೆಯಿತು. ನಮ್ಮವರದು ಪ್ರತಿ ವರ್ಷದ ಒಂದೇ ಉತ್ತರ.

"ಆಂಬೋಲಿ ಘಟ್ಟಕ್ಕ ಹೋಗೂಣು. ಮುಂಜಾನೆ ಹೋಗಿ ಸಂಜಿಮುಂದ ಬಂದ್ರಾತು."

"ಪಪ್ಪಾ, ಅದಕ್ಕ ಟ್ರಿಪ್ ಅನ್ನಂಗಿಲ್ಲ, ಸಂತಿ ಅಂತಾರ," ಎಂದಳು ದೊಡ್ಡವಳು.

ನನಗೆ ಎಲ್ಲಿಯಾದರೂ ಆದೀತು, ಅಲ್ಲಿ ನಾನು ಒಲೆ ಹಚ್ಚಬಾರದು, ಅಷ್ಟೇ.

ಒಂದು ಸಂಜೆ ಬೇಗ ಊಟ ಮುಗಿಸಿ ಅಂಗಳದಲ್ಲಿ ಕೂತಿದ್ದೆವು. ಬೆಳಕಿನ್ನೂ ಇತ್ತು. ದೊಡ್ಡವಳು ಫೋನಿನಲ್ಲಿ ನಕ್ಷೆ ತೆಗೆದು ಬೆರಳಿನಿಂದ ಹಿಗ್ಗಿಸುತ್ತ ಕುಗ್ಗಿಸುತ್ತ ಇದ್ದಳು. ಅತ್ತೆ ಮನೆಗೆಂದು ಇಟ್ಟುಕೊಂಡ ಬೇದಾಣೆಯನ್ನು ತಟ್ಟೆಗೆ ಸುರುವಿಕೊಂಡು ತೊಟ್ಟು ಬಿಡಿಸುತ್ತಿದ್ದರು. ಛಾಟಣಿ ಮುಗಿದು ಎರಡು ದಿನವಾಗಿತ್ತು. ಇನ್ನು ಆರು ದಿನ. ನಮ್ಮವರು ಆಂಬೋಲಿ ಎಂದರು, ದೊಡ್ಡವಳು ಮೂಗು ಮುರಿದಳು, ಚಿಕ್ಕವಳು ಸಮುದ್ರ ಎಂದಳು. ನಾನು ಎದ್ದು ಒಳಗೆ ಹೋಗುವುದರಲ್ಲಿದ್ದೆ. ಆಗ ಚಿಕ್ಕವಳು ಅಜ್ಜಿಯ ತಟ್ಟೆಯಿಂದ ಒಂದು ಹಿಡಿ ಬೇದಾಣೆ ಎತ್ತಿ ಬಾಯಿಗೆ ಹಾಕಿಕೊಂಡು, ಅಗಿಯುತ್ತಲೇ ಕೇಳಿದಳು:

"ಆಯಿ, ನೀ ಎಲ್ಲಿತನಕ ಬರ್ತಿ?"

ಆಯಿ ಅಂದರೆ ನಮ್ಮ ಕಡೆ ಅಜ್ಜಿ. ಅತ್ತೆ ತಟ್ಟೆಯನ್ನು ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಶಾಲೆಯಲ್ಲಿ ಮಾಸ್ತರು ಕೇಳಿದಾಗ ಎದ್ದು ನಿಂತು ಒಪ್ಪಿಸುವವರ ಧಾಟಿಯಲ್ಲಿ ಹೇಳಿದರು:

"ಪೂರ್ವಕ್ಕ ಬಿಜಾಪುರ. ದಕ್ಷಿಣಕ್ಕ ತುಂಗಭದ್ರಾ ಹೊಳಿ. ಉತ್ತರಕ್ಕ ಪಂಢರಪುರದ ಭೀಮಾ ಹೊಳಿ. ಪಶ್ಚಿಮಕ್ಕ ಸಮುದ್ರದ ತನಕ."

ಯಾರಿಗೂ ಏನೂ ತಿಳಿಯಲಿಲ್ಲ. ನಮ್ಮವರು, "ಏನವ್ವಾ ಇದು?" ಎಂದರು.

"ನೇಮ."

"ಯಾವಾಗ ಹಿಡದಿ?"

"ನಿನ್ನ ಲಗ್ನದ ಹಿಂದಿನ ವರ್ಷ. ಊರಾಗ ಮಹಾರಾಜ್ರ ಚಾತುರ್ಮಾಸ ಇತ್ತಲ್ಲ, ಆವಾಗ. ನಾಕೂ ದಿಕ್ಕಿನಾಗ ಇಷ್ಟ, ಇದರಾಚೆ ಹೋಗಂಗಿಲ್ಲ ಅಂತ. ತೀರ್ಥಕ್ಕ ಹೋಗೂದಾದ್ರ ಲೆಕ್ಕ ಬ್ಯಾರೆ."

ನಾನು ಏಳಲು ಹೊರಟವಳು ಹಾಗೆಯೇ ಕೂತೆ. ನಮ್ಮ ಮುನಿಗಳನ್ನು ಮಹಾರಾಜರು ಎನ್ನುತ್ತೇವೆ. ಮಳೆಗಾಲದ ನಾಲ್ಕು ತಿಂಗಳು ಅವರು ಒಂದೂರಿನಲ್ಲಿ ನಿಂತರೆ ಗೃಹಸ್ಥರು ಅವರ ಎದುರು ಒಂದೊಂದು ನೇಮ ಹಿಡಿಯುತ್ತಾರೆ. ಒಬ್ಬರು ಹಸಿರು ಪಲ್ಯ ಬಿಡುತ್ತಾರೆ, ಇನ್ನೊಬ್ಬರು ಸಕ್ಕರೆ ಬಿಡುತ್ತಾರೆ. ಓಡಾಟಕ್ಕೇ ಬೇಲಿ ಹಾಕಿಕೊಳ್ಳುವ ವ್ರತವೂ ಒಂದಿದೆ. ಅದರ ಹೆಸರು ದಿಗ್ವ್ರತ. ಅಷ್ಟು ದೂರದಾಚೆ ಕಾಲಿಡದಿದ್ದರೆ ಅಲ್ಲಿ ಆಸೆಯೂ ಇಲ್ಲ, ಹಿಂಸೆಯೂ ಇಲ್ಲ ಎಂಬುದು ಅದರ ಅರ್ಥ. ಇದೆಲ್ಲ ನನಗೆ ಗೊತ್ತಿರದ ಸಂಗತಿಯಲ್ಲ. ನಿಪ್ಪಾಣಿಯ ಪಾಠಶಾಲೆಯಲ್ಲಿ ಅಣುವ್ರತ ಐದು, ಗುಣವ್ರತ ಮೂರು, ಶಿಕ್ಷಾವ್ರತ ನಾಲ್ಕು ಎಂದು ಒಂದುಸಿರಿನಲ್ಲಿ ಒಪ್ಪಿಸಿ ಸ್ಟೀಲಿನ ಡಬ್ಬಿ ಬಹುಮಾನ ಹೊಡೆದವಳು ನಾನು. ಬಾಯಿಪಾಠ ಮಾಡಿದ್ದು ಪುಸ್ತಕದಲ್ಲೇ ಇರುತ್ತದೆ ಎಂದುಕೊಂಡಿದ್ದೆ. ಅದನ್ನು ಹಿಡಿದು ಬದುಕುವವರು ನನ್ನ ಎದುರಿಗೇ ಹದಿನೆಂಟು ವರ್ಷ ರೊಟ್ಟಿ ಬಡಿಯುತ್ತ ಕೂತಿದ್ದರು.

ದೊಡ್ಡವಳು ಆಗಲೇ ನಕ್ಷೆಯ ಮೇಲೆ ನಾಲ್ಕು ಕಡೆ ಗುರುತು ಹಾಕಿದ್ದಳು. ನಾನು ಫೋನನ್ನು ಅವಳ ಕೈಯಿಂದ ಕಸಿದುಕೊಂಡು ನೋಡಿದೆ. ಊಟಿ ತುಂಗಭದ್ರೆಯಿಂದ ಎಷ್ಟೋ ಕೆಳಗೆ. ಹೈದರಾಬಾದು ಬಿಜಾಪುರ ದಾಟಿ ಎಲ್ಲೋ. ಮುಂಬೈ ಭೀಮೆಯಾಚೆ. ನಾನು ಕರೆದ ಮೂರೂ ಊರು ಹೊರಗೇ ಬಿದ್ದಿದ್ದವು.

"ಇದನ್ನ ಮೊದಲ ಯಾಕ ಹೇಳಲಿಲ್ರಿ?" ಎಂದೆ. ನನ್ನ ಧ್ವನಿ ಜೋರಾಗಿಯೇ ಬಂತು.

"ಹೇಳಿದ್ರ ನೀವೂ ಅಷ್ಟರಾಗ ತಿರಗ್ತಿದ್ರಿ. ನೇಮ ನಂದು, ಕಾಲ ನಿಮ್ಮವು. ನನ್ನ ಸಲುವಾಗಿ ಹುಡುಗ್ರು ಯಾಕ ಕುಂದರಬೇಕು?"

"ಮತ್ತ ಈಗ್ಯಾಕ ಹೇಳಿದ್ರಿ?"

"ಇಕಿ ಕೇಳಿದ್ಲಲ್ಲ. ನೀವೆಲ್ಲಾರೂ ಬರ್ತೀರೇನು, ಬರ್ತೀರೇನು ಅಂತ ಕೇಳತಿದ್ರಿ. ಎಲ್ಲಿತನಕ ಅಂತ ಯಾರೂ ಕೇಳಿರಲಿಲ್ಲ. ಕೇಳಿದ್ರ ಸುಳ್ಳ ಹೇಳಾಕ ಬರ್ತೈತೇನು?"

ಅವರು ಸುಳ್ಳು ಹೇಳಿಯೂ ಇರಲಿಲ್ಲ. ಮನೆ ಕಾಯಲು ಒಬ್ಬರು ಬೇಕು ಎಂದಿದ್ದರು, ಅದು ನಿಜವೇ ಆಗಿತ್ತು.

ಚಿಕ್ಕವಳಿಗೆ ಈ ಮಾತುಗಳ ಗೊಡವೆ ಇರಲಿಲ್ಲ. ಅವಳಿಗೆ ಕೇಳಿಸಿದ್ದು ಒಂದೇ ಶಬ್ದ. ಅಜ್ಜಿಯ ಕೊರಳಿಗೆ ಜೋತುಬಿದ್ದು, "ಆಯಿ ಸಮುದ್ರದ ತನಕ ಬರ್ತಾಳಂತ, ಆಯಿ ಸಮುದ್ರದ ತನಕ ಬರ್ತಾಳಂತ," ಎಂದು ಹಾಡತೊಡಗಿದಳು.

"ಸಮುದ್ರ ಯಾಕವ್ವಾ?" ಎಂದು ನಮ್ಮವರು ಕೇಳಿದರು. "ನೀ ನೋಡೇ ಇಲ್ಲಲ್ಲ."

"ಮಹಾರಾಜ್ರೂ ಅದ ಕೇಳಿದ್ರು. ಬಿಜಾಪುರ ಸಾಲಿಯಿಂದ ಹೋಗಿ ನೋಡಿದ್ದೆ. ನಮ್ಮಕ್ಕನ್ನ ತುಂಗಭದ್ರಾ ದಂಡಿಗೆ ಕೊಟ್ಟಿತ್ತು. ಭೀಮಾ ಹೊಳಿ ನಿಮ್ಮಪ್ಪ ಇದ್ದಾಗ ನೋಡಿದ್ದು. ಪಶ್ಚಿಮಕ್ಕ ಕೊಲ್ಲಾಪುರದಾಚೆ ನನಗ ಯಾವ ಊರಿನ ಹೆಸರೂ ಬರ್ತಿರಲಿಲ್ಲ. ಸಮುದ್ರ ಅಂದೆ. ನೋಡೀಯೇನವ್ವಾ ಅಂದ್ರು. ಇಲ್ರಿ ಅಂದೆ. ನಕ್ಕು ಆಶೀರ್ವಾದ ಮಾಡಿದ್ರು."

ಮಾತು ಮುಗಿಸಿ ಮತ್ತೆ ತಟ್ಟೆ ಎಳೆದುಕೊಂಡರು. ನನಗೆ ಪೂರ್ತಿ ನಂಬುವ ಧೈರ್ಯವಿರಲಿಲ್ಲ. ಅಷ್ಟು ವರ್ಷ ಸಾಕಿದ ಸಿಟ್ಟು ಒಂದು ನಕ್ಷೆ ನೋಡಿ ಹೋಗುವಂಥದ್ದಲ್ಲ. ಆ ಚಿಪ್ಸ್ ಪಾಕೀಟು ಇನ್ನೂ ಉಳಿದಿತ್ತು.

ಮರುದಿನ ಬೆಳಗ್ಗೆ ಇಬ್ಬರೂ ಒಲೆಯ ಮುಂದಿದ್ದೆವು. ಪ್ರಯಾಣಕ್ಕೆ ಗರಿಗರಿ ಒಣಗಿದ ಕಟಕ ರೊಟ್ಟಿ ಬೇಕಾಗಿತ್ತು. ಅವರು ಬಡಿಯುತ್ತಿದ್ದರು, ನಾನು ಹಂಚಿನ ಮೇಲೆ ತಿರುವಿ ಹಾಕುತ್ತಿದ್ದೆ. ಎದುರುಬದುರು ಮುಖ ನೋಡುವ ಪ್ರಮೇಯವಿಲ್ಲದ ಹೊತ್ತು, ಕೇಳಿಬಿಟ್ಟೆ.

"ಊಟಿಗೆ ಹೊಂಟಾಗ ನನ್ನ ಚೀಲದಾಗ ಬಟಾಟಿ ಚಿಪ್ಸ್ ನೋಡಿದ್ರಿ. ಅದಕ್ಕ ನೀವು ಬರಲಿಲ್ಲಂತ ತಿಳಕೊಂಡಿದ್ದೆ ನಾ."

ಅವರು ಬಡಿಯುವುದನ್ನು ನಿಲ್ಲಿಸಿದರು. "ಯಾವ ಚಿಪ್ಸು?"

"ಎರಡ ಪಾಕೀಟು. ನಿಮ್ಮ ಕಾಲಿನ ಮ್ಯಾಲ ಬಿದ್ದಿದ್ವಲ್ರಿ."

ನಿಜವಾಗಿಯೂ ನೆನಪು ಮಾಡಿಕೊಳ್ಳಲು ಯತ್ನಿಸಿದರು. ಹಣೆ ಗಂಟಿಕ್ಕಿತು. ಕಡೆಗೆ ತಲೆಯಾಡಿಸಿದರು.

"ನನಗ ನೆನಪ ಇಲ್ಲವ್ವಾ. ನೀ ಬಟಾಟಿ ತಿಂತಿ ಅಂತ ನಿಮ್ಮವ್ವ ಲಗ್ನದಾಗ ಹೇಳಿದ್ಲು, ತ್ರಾಸ ಮಾಡಬ್ಯಾಡ್ರಿ ಅಂತ. ಸಣ್ಣಾಕಿ, ತಿನ್ಲಿ ಬಿಡ್ರಿ ಅಂದಿದ್ದೆ ನಾ. ನೀನ ಬಿಟ್ಟಿ. ನನಗೂ ಆಶ್ಚರ್ಯ ಆತು."

ನಾನು ನಗಲು ಶುರುಮಾಡಿದೆ. ನಗುವುದು ಎಲ್ಲಿ ಮುಗಿದು ಅಳುವುದು ಎಲ್ಲಿ ಶುರುವಾಯಿತೋ ಗೊತ್ತಾಗಲಿಲ್ಲ. ಹಂಚಿನ ಮೇಲಿದ್ದ ರೊಟ್ಟಿ ಕರಿಹಿಡಿಯಿತು. ಹದಿನೆಂಟು ವರ್ಷ ಬಟಾಟಿ ಪಲ್ಯವಿಲ್ಲ, ಪಾವ್‌ಭಾಜಿಯಿಲ್ಲ, ಕೊಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಬಿಸಿ ವಡಾಪಾವಿನ ಮುಂದೆ ನಿಂತು ಬಾಯಲ್ಲಿ ನೀರು ಬಂದರೂ ಮುಖ ತಿರುಗಿಸಿದ್ದೆ. ಯಾರ ವಿರುದ್ಧ? ಪಾಕೀಟು ನೆನಪೇ ಇಲ್ಲದ ಒಬ್ಬ ಹೆಂಗಸಿನ ವಿರುದ್ಧ. ಅತ್ತೆ ನನ್ನ ಮುಖವನ್ನೇ ನೋಡುತ್ತ, ಇವಳಿಗೆ ಏನಾಯಿತೆಂದು ತಿಳಿಯದೆ, ಹಿಟ್ಟಿನ ಕೈಯಲ್ಲೇ ನನ್ನ ಬೆನ್ನು ಸವರಿದರು. ಹೊತ್ತಿದ ರೊಟ್ಟಿಯನ್ನು ನಾನೇ ತಿಂದೆ. ಅದಕ್ಕಿಂತ ರುಚಿಯಾದದ್ದನ್ನು ಆ ವರ್ಷ ತಿಂದ ನೆನಪಿಲ್ಲ.

ಆಮೇಲೆ ಊರು ಆರಿಸುವುದು ಕಷ್ಟವೇ ಆಗಲಿಲ್ಲ. ಪಶ್ಚಿಮಕ್ಕೆ ಸಮುದ್ರದ ತನಕ ಎಂಬುದು ಖಚಿತವಾದ ಮೇಲೆ ಉಳಿದದ್ದೆಲ್ಲ ದೊಡ್ಡವಳ ಕೈಗೆ ಹೋಯಿತು. ಮನಾಲಿ ತಪ್ಪಿತೆಂದು ಅರ್ಧ ದಿನ ಮುಖ ಊದಿಸಿಕೊಂಡಿದ್ದವಳು, ಯಾವ ದಂಡೆ ಎಂದು ಹುಡುಕುವ ಅಧಿಕಾರ ಸಿಕ್ಕೊಡನೆ ಸರಿಯಾದಳು. ಕೊಂಕಣದಲ್ಲಿ ರತ್ನಾಗಿರಿಯ ಕಡೆ ಸಮುದ್ರಕ್ಕೆ ಹತ್ತಿರ ಒಂದು ಮನೆ ಹಿಡಿದಳು. ತೆಂಗಿನ ತೋಟದಲ್ಲಿ ಎರಡು ಕೋಣೆ ಬಾಡಿಗೆಗೆ ಕೊಟ್ಟು, ಊಟವನ್ನೂ ಮಾಡಿ ಹಾಕುವ ಒಬ್ಬ ಹೆಂಗಸು. ಫೋನಿನಲ್ಲಿ ಮರಾಠಿಯಲ್ಲಿ ಅವಳ ಜೊತೆ ನನ್ನ ಮಗಳು ಮಾತಾಡಿದ ಧಾಟಿ ಕೇಳಬೇಕಿತ್ತು. ಬಟಾಟಿ ಇಲ್ಲ, ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ, ಗಜ್ಜರಿ ಇಲ್ಲ, ಆರು ಗಂಟೆಗೆ ತಾಟು ಹಾಕಬೇಕು. ಆ ಕಡೆಯಿಂದ ಆ ಹೆಂಗಸು ಮತ್ತೇನು ತಿನ್ನುತ್ತೀರಿ ಎಂದು ಕೇಳಿದಳಂತೆ. ಹಲಸಿನಕಾಯಿ ಭಾಜಿ, ಅನ್ನ, ತೊವ್ವೆ, ಮಾವಿನ ಹಣ್ಣು ಎಂದು ಒಪ್ಪಂದವಾಯಿತು.

ನಮ್ಮವರಿಗೂ ಸಮಾಧಾನವಾಗಿತ್ತು. ಐದಾರು ತಾಸಿನ ದಾರಿ, ತೋಟದಿಂದ ಫೋನು ಬಂದರೆ ಅವತ್ತೇ ತಿರುಗಿ ಬರಬಹುದು. ಅವರು ಹಾಗೆಂದದ್ದಕ್ಕೆ ದೊಡ್ಡವಳು ಅವರ ಫೋನನ್ನು ತಾನು ಇಟ್ಟುಕೊಳ್ಳುತ್ತೇನೆಂದು ಹೆದರಿಸಿದಳು.

ಬೆಳಕು ಹರಿಯುವ ಹೊತ್ತಿಗೆ ಗಾಡಿ ಹೊರಟಿತು. ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆವು. ಮಡಿಲಲ್ಲಿ ತಾಮ್ರದ ತಂಬಿಗೆ, ಅದರೊಳಗೆ ಮಡಚಿಟ್ಟ ನೀರು ಸೋಸುವ ಬಟ್ಟೆ. ಕಾಗವಾಡ, ಮಿರಜ, ಕೊಲ್ಲಾಪುರದ ತನಕ ಅವರಿಗೆ ಗೊತ್ತಿದ್ದ ದಾರಿ, ಯಾವ ಊರಿನಲ್ಲಿ ಯಾರ ಮಗಳನ್ನು ಕೊಟ್ಟಿದೆ ಎಂದು ಹೇಳುತ್ತಲೇ ಇದ್ದರು. ಕೊಲ್ಲಾಪುರ ದಾಟಿದ ಮೇಲೆ ಮಾತು ನಿಂತಿತು. ಘಟ್ಟ ಇಳಿಯುವಾಗ ಚಿಕ್ಕವಳು ಎರಡು ಸಲ ವಾಂತಿ ಮಾಡಿಕೊಂಡಳು. ಕಬ್ಬು ನೋಡಿ ನೋಡಿ ಬೇಸತ್ತ ಕಣ್ಣಿಗೆ ಆ ದಟ್ಟ ಕಾಡು ಹೊಸದು. ಅತ್ತೆ ಕಿಟಕಿಯ ಕಡೆಯಿಂದ ಕುತ್ತಿಗೆ ತಿರುಗಿಸಲಿಲ್ಲ. ಅವರ ಹಿಂದೆ ಕೂತಿದ್ದ ನಾನು ಅವರ ಮುಡಿಯನ್ನೇ ನೋಡುತ್ತ, ಈ ಹೆಂಗಸಿನ ಜೊತೆ ಒಂದು ಗಾಡಿಯಲ್ಲಿ ಕೂರಲು ಇಷ್ಟು ವರ್ಷ ಬೇಕಾಯಿತಲ್ಲ ಎಂದುಕೊಂಡೆ. ಸಂತೋಷವೇ ಆಗುತ್ತಿತ್ತು, ಹೊಟ್ಟೆ ತುಂಬ.

ಆ ತೆಂಗಿನ ತೋಟದ ಮನೆಯಲ್ಲಿ ತಾಟು ಆರಕ್ಕಲ್ಲ, ಐದೂವರೆಗೇ ಬಂತು. ಉಂಡು ಕೈತೊಳೆದು ಐವರೂ ದಂಡೆಗೆ ನಡೆದೆವು. ಮಕ್ಕಳು ಓಡಿದರು, ಅವರ ಹಿಂದೆ ನಮ್ಮವರು ಪ್ಯಾಂಟು ಮಡಚಿಕೊಂಡು ಓಡಿದರು. ನಾನು ಅತ್ತೆಯ ಜೊತೆ ನಿಧಾನ ನಡೆದೆ. ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಒಣ ಮರಳಿನಲ್ಲಿ ಒಂದೊಂದೇ ಹೆಜ್ಜೆ ಇಡುತ್ತ ಬಂದವರು, ಹಸಿ ಮರಳು ಶುರುವಾಗುವಲ್ಲಿ ನಿಂತುಬಿಟ್ಟರು.

"ಇಲ್ಲಿಗೆ ಸಾಕು," ಎಂದರು. "ಇದರಾಚೆ ಸಮುದ್ರದ್ದು."

ದಂಡೆಯ ಈ ತುದಿಯಿಂದ ಆ ತುದಿಯ ತನಕ ನೋಡಿದರು. ಏನು ಹೇಳುತ್ತಾರೋ ಎಂದು ನಾನು ಕಾದೆ.

"ಅಲ್ಲವ್ವಾ, ಇಷ್ಟ ನೀರು ಯಾರ ಸೋಸಬೇಕು?"

ನಾನು ನಕ್ಕೆ, ಅವರೂ ನಕ್ಕರು. ಅಷ್ಟರಲ್ಲಿ ಒಂದು ದೊಡ್ಡ ತೆರೆ ಬಂದು ನಮ್ಮಿಬ್ಬರ ಪಾದವನ್ನೂ ತೋಯಿಸಿ ಹೋಯಿತು. ನೀರಿನಲ್ಲಿದ್ದ ಚಿಕ್ಕವಳು ಅಲ್ಲಿಂದಲೇ, "ಆಯಿ, ನಿನ್ನ ನೇಮ ಮುರೀತು," ಎಂದು ಕೂಗಿದಳು.

"ನಾ ಎಲ್ಲಿ ಹೋಗೇನಿ? ಅದ ಬಂತು," ಎಂದರು ಅತ್ತೆ. ಕಾಲು ಹಿಂದೆ ತೆಗೆಯಲಿಲ್ಲ, ಮುಂದೆಯೂ ಇಡಲಿಲ್ಲ. ಮುಂದಿನ ತೆರೆಗಾಗಿ ಕಾಯುತ್ತಿರುವುದು ನನಗೆ ಗೊತ್ತಾಯಿತು.

ಮಕ್ಕಳು ನನ್ನನ್ನು ಕರೆಯುತ್ತಿದ್ದರು. "ನೀ ಹೋಗು," ಎಂದರು. ನಾನು ಹೋಗಲಿಲ್ಲ. ಹೊತ್ತು ಇಳಿಯುತ್ತಿತ್ತು. ತೆರೆ ಬಂತು, ಹೋಯಿತು. ಅವರು ಸಮುದ್ರದ ಕಡೆಯೇ ನೋಡುತ್ತ ಕೇಳಿದರು:

"ಗೋವಾದಾಗೂ ಹಿಂಗ ಇತ್ತೇನು?"

"ಹೌದ್ರಿ. ಹಿಂಗ ಇತ್ತು."

"ಆವಾಗ ನಾ ನಿನ್ನ ಗಂಡನ್ನ ಕೇಳಿದ್ದೆ, ಗೋವಾ ಎಲ್ಲಿ ಬರ್ತೈತಿ ಅಂತ. ಸಮುದ್ರದ ದಂಡಿಗೆ ಅಂದ. ನೇಮದೊಳಗ ಐತಿ ಅಂತ ಎರಡ ಸೀರಿ ಮಡಚಿ ಇಟ್ಟಿದ್ದೆ." ಕಾಲ ಬಳಿಯ ನೊರೆಯನ್ನು ನೋಡಿದರು. "ನೀ ಕರೀಲಿಲ್ಲ."

ಗೋವಾಕ್ಕೆ ಹೊರಟ ದಿನ ಬೆಳಗ್ಗೆ ಅವರು ಬಾಗಿಲಲ್ಲಿ ನಿಂತಿದ್ದು ನೆನಪಾಯಿತು. ಮಿಂದು, ತಲೆ ಬಾಚಿ, ಹೊರಗೆ ಹೋಗುವ ಸೀರೆ ಉಟ್ಟಿದ್ದರು. ಬಸದಿಗೆ ಹೊರಟಿರಬೇಕು ಎಂದುಕೊಂಡು ನಾನು ಗಾಡಿ ಹತ್ತಿದ್ದೆ. ಹದಿನೆಂಟು ವರ್ಷ ನನ್ನನ್ನು ಒಲ್ಲೆ ಎಂದವರು ಅವರು ಎಂದುಕೊಂಡಿದ್ದೆ. ಒಲ್ಲೆ ಎಂದವಳು ನಾನಾಗಿದ್ದೆ, ಒಂದೇ ಸಲ, ಅವರು ಬರಬಹುದಾಗಿದ್ದ ಒಂದೇ ಸಲ.

"ಇಕಿಗೆ ನನ್ನ ಮ್ಯಾಲ ಬ್ಯಾಸರಾಗೈತಿ ಅಂದ್ಕೊಂಡೆ," ಎಂದರು ಅತ್ತೆ. ದೂರುವ ಧ್ವನಿಯಿರಲಿಲ್ಲ.

"ಆಗಿತ್ರಿ," ಎಂದೆ. ಸುಳ್ಳು ಹೇಳಲು ಆ ಜಾಗದಲ್ಲಿ ನನಗೂ ಬರಲಿಲ್ಲ. "ಸಿಟ್ಟಿತ್ತು. ತಪ್ಪಾತ್ರಿ."

"ಈಗ?"

"ಈಗಿಲ್ರಿ."

ಅವರು ದೊಡ್ಡದೊಂದು ಉಸಿರು ಬಿಟ್ಟರು. ಅವರಿಗೂ ಅದೇ ಭಾರವಿತ್ತೆಂದು ನನಗೆ ಆಗ ತಿಳಿಯಿತು. ಹಿಡಿದಿದ್ದ ಚಪ್ಪಲಿಯನ್ನು ಇನ್ನೊಂದು ಕೈಗೆ ಬದಲಿಸಿ ನನ್ನ ಮೊಣಕೈ ಹಿಡಿದರು. ಮತ್ತೊಂದು ತೆರೆ ಬಂದು ಕಾಲಡಿಯ ಮರಳನ್ನು ಎಳೆದಾಗ ಇಬ್ಬರೂ ಒಬ್ಬರನ್ನೊಬ್ಬರು ಆನಿಕೊಂಡು ನಿಂತೆವು.

"ಮುಂದಿನ ವರ್ಷ ಮೊದಲ ನಿಮ್ಮನ್ನ ಕೇಳ್ತೀನ್ರಿ," ಎಂದೆ.

"ಕೇಳು," ಎಂದರು. "ಬರಂಗಿಲ್ಲ ಅಂತೀನಿ ಅಂತ ಗೊತ್ತಿದ್ರೂ ಕೇಳು."